ಟ್ರಿಂಕೆಟರ್ ಪ್ರೇಮಾವತಿಯ ನಾಗರ ಪಂಚಮಿ

ಶೇಖರ ಮಾಸ್ಟ್ರು ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರಲ್ಲಿ ಉಳಿದಿದ್ದ ಇಂಗ್ಲಿಷಿಗೆ ಹೋಗಲು ಬೇರೆ ದಾರಿ ಕಾಣದೆ ಅದು ಮನೆಯವರ ಮೇಲೆಯೇ ಬಿತ್ತು. ದಿನಾ ಬೆಳಿಗ್ಗೆ ಕಾಫಿ ಮುಗಿಯುವ ಮೊದಲು ಅವರು ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪದ ಹಾಕುತ್ತಿದ್ದರು. ಪದ, ಅದರ ಅರ್ಥ, ಅದನ್ನು ಬಳಸಿದ ಒಂದು ವಾಕ್ಯ. ದುಬೈಯಲ್ಲಿದ್ದ ಮಗ ಉಜ್ವಲ್ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಬಿ.ಸಿ. ರೋಡಿನ ಬ್ಯಾಂಕಿನಲ್ಲಿರುವ ಮಗಳು ಸುರಕ್ಷಾ ಓದದೆಯೇ ಕೈಮುಗಿಯುತ್ತಿದ್ದಳು. ಸಿದ್ಧಕಟ್ಟೆಯ ಕುಟುಂಬದ ಮನೆಯಲ್ಲಿರುವ ಮಾಸ್ಟ್ರ ಅಕ್ಕ, ಗುಲಾಬಿಯಕ್ಕ, ಯಾವುದಾದರೂ ಹೂವಿನ ಚಿತ್ರದ ಜೊತೆ ಶುಭೋದಯ ಹೇಳುತ್ತಿದ್ದರು. ಮಾಸ್ಟ್ರ ಹೆಂಡತಿ ಪ್ರೇಮಾವತಿ ಮಾತ್ರ ಆ ಹೊತ್ತಿನಲ್ಲಿ ಫೋನು ಮುಟ್ಟುವವಳಲ್ಲ. ಅವಳ ಕೈಯಲ್ಲಿ ಹಿಟ್ಟಿರುತ್ತಿತ್ತು.

ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ ಮಾಸ್ಟ್ರು ಮೂಡುಬಿದಿರೆಯ ತಮ್ಮ ಮನೆಯ ಊಟದ ಮೇಜಿನ ಎದುರು ಕೂತು, ಇವತ್ತಿನ ಪದ ವಿಶೇಷವಾಗಿ ನಿನಗಾಗಿಯೇ ಹುಡುಕಿದ್ದು ಎಂದು ಒಳಗೆ ಕೇಳುವಂತೆ ಹೇಳಿದರು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ದಪ್ಪ ನಿಘಂಟು ಅವರ ಮುಂದಿತ್ತು. ಪದ 'ಟ್ರಿಂಕೆಟರ್'. ಒಳಗಿಂದೊಳಗೆ ಹೂಟ ಹೂಡುವವರು, ಗುಟ್ಟಾಗಿ ಕೆಲಸ ಸಾಧಿಸಿಕೊಳ್ಳುವ ಸಂಚುಗಾರರು ಎಂದು ಅರ್ಥ. ಹಿಂದಿನ ಕಾಲದ ಇಂಗ್ಲಿಷಿನಲ್ಲಿ, ಎದುರಿಗೆ ಒಂದು ಮಾತಾಡಿ ಹಿಂದಿನಿಂದ ಇನ್ನೊಂದು ಏರ್ಪಾಡು ಮಾಡಿಕೊಳ್ಳುವವರಿಗೆ ಹೀಗೆ ಹೇಳುತ್ತಿದ್ದರಂತೆ. ಈಗ ಬಳಕೆಯಲ್ಲಿಲ್ಲ ಎಂದು ನಿಘಂಟಿನವರು ಪಕ್ಕದಲ್ಲಿ ಗುರುತು ಹಾಕಿದ್ದರು. ಮಾಸ್ಟ್ರು ಗುಂಪಿಗೆ ಹಾಕಿದ ಉದಾಹರಣೆಯ ವಾಕ್ಯವನ್ನು ಕನ್ನಡದಲ್ಲಿ ಹೇಳುವುದಾದರೆ, 'ನನ್ನ ಹೆಂಡತಿ ಪ್ರೇಮಾವತಿ ಒಬ್ಬಳು ನುರಿತ ಟ್ರಿಂಕೆಟರ್.'

ಪ್ರೇಮಾವತಿ ಕಾವಲಿಯಿಂದ ನೀರುದೋಸೆ ಎಬ್ಬಿಸಿ, ನಾಲ್ಕಾಗಿ ಮಡಚಿ, ಅವರ ತಟ್ಟೆಗೆ ತಂದು ಹಾಕಿದಳು.

"ಇದು ಒಳ್ಳೆಯ ಮಾತಾ, ಕೆಟ್ಟ ಮಾತಾ?"

"ಕೆಟ್ಟದ್ದೇ. ಆದರೆ ಹಳತು," ಎಂದರು ಮಾಸ್ಟ್ರು.

"ಈಗ ಯಾಕೆ ಯಾರೂ ಹೇಳುದಿಲ್ಲ ಅದನ್ನು?"

"ಪದಗಳು ಹಾಗೆಯೇ. ಅಂಥವರು ಇಲ್ಲದಾದರೆ ಪದವೂ ಬಿದ್ದು ಹೋಗ್ತದೆ."

"ಹಾಗಾದ್ರೆ ಅವರ ಊರಿಗೆ ಗ್ರೈಂಡರ್ ಬೇಗ ಬಂದಿರ್ಬೇಕು," ಎಂದು ಪ್ರೇಮಾವತಿ ಮುಂದಿನ ದೋಸೆ ಹೊಯ್ಯಲು ಒಳಗೆ ಹೋದಳು.

ಗ್ರೈಂಡರಿನ ಮಾತು ಸುಮ್ಮನೆ ಬಂದದ್ದಲ್ಲ. ಮಾಸ್ಟ್ರಿಗೆ ನಿಘಂಟು ತಡಕುವಷ್ಟು ಸಿಟ್ಟು ಬರಲು ಅದೇ ಕಾರಣ. ಹಿಂದಿನ ಆದಿತ್ಯವಾರ ಸುರಕ್ಷಾಳ ಮನೆಯಲ್ಲಿ ಊಟವಾದ ಮೇಲೆ ಹಳೆಯ ಮಾತು ಬಂದು, ಮಗಳು ನಗುತ್ತಾ ನಗುತ್ತಾ ಎಲ್ಲವನ್ನೂ ಹೊರಗೆ ಹಾಕಿಬಿಟ್ಟಿದ್ದಳು.

ಗ್ರೈಂಡರನ್ನು ತಾನಾಗಿ ತಂದುಕೊಟ್ಟೆ ಎಂದು ಮಾಸ್ಟ್ರು ಅಲ್ಲಿಯವರೆಗೆ ನಂಬಿದ್ದರು. ಬೇರೆ ಗಂಡಂದಿರಿಗೆ ಅದನ್ನು ಉದಾಹರಣೆಯಾಗಿ ಹೇಳಿದ್ದೂ ಉಂಟು. ನಡೆದದ್ದು ಹೀಗೆ. ಹಿಂದೆ ಪ್ರೇಮಾವತಿ ಹಿಂದಿನ ಜಗಲಿಯ ಕಡೆಯುವ ಕಲ್ಲಿನಲ್ಲಿ ಅಕ್ಕಿ ಕಡೆಯುತ್ತಿದ್ದಳು. ಎರಡು ಮಕ್ಕಳು, ಮಾಸ್ಟ್ರು, ಆಗ ಮನೆಯಲ್ಲಿದ್ದ ಅತ್ತೆ, ಇಷ್ಟು ಜನರ ಬೆಳಗಿನ ತಿಂಡಿಯ ಹಿಟ್ಟು ಅವಳ ಬಲಗೈಯಿಂದಲೇ ಇಳಿಯಬೇಕು. ಗ್ರೈಂಡರ್ ಬೇಕು ಎಂದು ಅವಳು ಒಂದು ಸಲ ಕೇಳಿದ್ದಕ್ಕೆ, ಕಲ್ಲಿನ ಹಿಟ್ಟಿನ ರುಚಿ ಅದರಲ್ಲಿ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಅವಳು ಮತ್ತೆ ಕೇಳಲಿಲ್ಲ. ಹಿಂದೆ ಬೆಳಕು ಸಾಲದು ಎಂದು ಹೇಳಿ ಕಲ್ಲನ್ನು ಪಕ್ಕದ ಮನೆಯವರ ಸಹಾಯದಿಂದ ಮಲಗುವ ಕೋಣೆಯ ಕಿಟಕಿಯ ಕೆಳಗೆ ತರಿಸಿದಳು. ಆದಿತ್ಯವಾರ ಮಾಸ್ಟ್ರು ಊಟ ಮಾಡಿ ಒರಗಿದ ಕೂಡಲೇ ಕಿಟಕಿಯ ಕೆಳಗೆ ಗುಂಡುಕಲ್ಲು ಗುಡುಗಲು ಶುರುವಾಗುತ್ತಿತ್ತು. ಮಳೆಗಾಲ ಮುಗಿಯುವ ಮೊದಲು ಗ್ರೈಂಡರ್ ಬಂತು. ಪಾಪ, ಅವಳಿಗೆ ಕಷ್ಟ ಆಗ್ತದೆ ಎಂದು ಮಾಸ್ಟ್ರು ಊರಿಗೆಲ್ಲ ಹೇಳಿದರು.

ಅಡುಗೆಮನೆಗೆ ನಳ್ಳಿ ಬಂದದ್ದೂ ಹಾಗೆಯೇ. ಅವಳು ಹೆಡ್‌ಮಾಸ್ಟ್ರನ್ನು ಊಟಕ್ಕೆ ಕರೆಸಿದಳು. ಅವರು ಕೈತೊಳೆಯಲು ಎದ್ದಾಗ ಬಾವಿಕಟ್ಟೆಯಿಂದ ಕೊಡಪಾನ ಸೊಂಟದಲ್ಲಿಟ್ಟುಕೊಂಡು ಸಾವಕಾಶ ಅಂಗಳ ದಾಟಿ ಬಂದಳು. ಹೆಡ್‌ಮಾಸ್ಟ್ರು ಏನೋ ಒಂದು ಮಾತು ಅಂದರು. ಮರುವಾರ ಪೈಪಿನವನು ಬಂದ. ಸುರಕ್ಷಾಳ ಓದಿನ ವಿಷಯದಲ್ಲಿ ಉಪಯೋಗಕ್ಕೆ ಬಂದವರು ಲೋಕನಾಥ ಮಾಸ್ಟ್ರು. ಅವರು ಗಣಿತದವರು, ಶೇಖರ ಮಾಸ್ಟ್ರಿಗೆ ಅವರೆಂದರೆ ಆಗದು. ಡಿಗ್ರಿ ಆದರೆ ಸಾಕು, ಮದುವೆ ನೋಡುವ ಎಂದು ಮನೆಯಲ್ಲಿ ಮಾತು ನಡೆಯುತ್ತಿದ್ದಾಗ ಪ್ರೇಮಾವತಿ, ನಿಮ್ಮ ಮಗಳಿಗೆ ಎಂ.ಕಾಂ. ಎಲ್ಲ ತಲೆಗೆ ಏರುವುದಿಲ್ಲ ಅಂತ ಲೋಕನಾಥ ಮಾಸ್ಟ್ರು ಯಾರ ಹತ್ತಿರವೋ ಹೇಳಿದರಂತೆ ಎಂದು ಸಾರು ಬಡಿಸುತ್ತಾ ಹೇಳಿದಳು. ಸಾರು ತಣಿಯುವ ಮೊದಲು ಸುರಕ್ಷಾಳ ಎಂ.ಕಾಂ. ನಿಶ್ಚಯವಾಯಿತು. ಪಾಪ, ಲೋಕನಾಥ ಮಾಸ್ಟ್ರು ಅಂಥ ಮಾತು ಎಂದೂ ಆಡಿರಲಿಲ್ಲ.

ಇಷ್ಟನ್ನು ಕೇಳಿದ ಮಾಸ್ಟ್ರು ಮಗಳ ಮನೆಯ ಸೋಫಾದಲ್ಲಿ ಕೂತು ಜೀವಮಾನದಲ್ಲಿ ತಾವು ತೆಗೆದುಕೊಂಡ ಒಳ್ಳೆಯ ತೀರ್ಮಾನಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡರು. ಒಂದರ ಮೇಲೂ ಅವರಿಗೆ ಧೈರ್ಯ ಉಳಿಯಲಿಲ್ಲ.

ಪದದ ವಿಷಯದಲ್ಲಿ ಪ್ರೇಮಾವತಿಗೆ ಬೇಸರವೇನೂ ಆಗಲಿಲ್ಲ. ತಾನು ಮಾಡುವ ನೂರು ಕೆಲಸಗಳಲ್ಲಿ ಒಂದಕ್ಕಾದರೂ ಒಂದು ಹೆಸರಿದೆಯಲ್ಲ, ಅದೂ ದಪ್ಪ ಪುಸ್ತಕದಲ್ಲಿ, ಎಂದುಕೊಂಡಳು. ಆದರೆ ಅದೇ ದಿನ ಮಧ್ಯಾಹ್ನ ಕಕ್ಕಿಂಜೆಯಿಂದ ತಮ್ಮ ನೋಣಯ್ಯನ ಫೋನು ಬಂದಾಗ, ಆ ಪದ ಎಂಥ ಹೊತ್ತಿನಲ್ಲಿ ಬಂದು ವಕ್ಕರಿಸಿತು ಎಂದು ಅವಳಿಗೆ ಗೊತ್ತಾಯಿತು.

ನೋಣಯ್ಯ ಹೇಳಿದ್ದು ನಾಗರ ಪಂಚಮಿಯ ವಿಷಯ. ಅವರ ತವರಿನ ನಾಗಬನದಲ್ಲಿ ಒಂದು ಕ್ರಮ ಉಂಟು. ಪಂಚಮಿಯ ದಿನ ಮೊದಲ ಹಾಲಿನ ತಂಬಿಗೆ ಕುಟುಂಬದ ಹಿರಿಯ ಹೆಂಗಸಿನ ಕೈಯಿಂದಲೇ ಭಟ್ಟರ ಕೈಗೆ ಹೋಗಬೇಕು. ಇಷ್ಟು ವರ್ಷ ಅದನ್ನು ಕೊಟ್ಟದ್ದು ಅವರ ಅಮ್ಮ. ಅಮ್ಮ ತೀರಿಕೊಂಡು ವರ್ಷ ಕಳೆಯಿತು. ಹಿಂದಿನ ಪಂಚಮಿಗೆ ಸೂತಕ ಎಂದು ಏನೂ ನಡೆಯಲಿಲ್ಲ. ಈ ಸಲ ಪ್ರೇಮಾವತಿಯ ಸರದಿ.

"ನೀನು ಬಾರದಿದ್ರೆ ತಂಬಿಗೆ ಚಿಕ್ಕಮ್ಮನ ಮಗಳಿಗೆ ಕೊಡ್ಬೇಕಾಗ್ತದೆ ಅಕ್ಕ," ಎಂದ ನೋಣಯ್ಯ. "ಒಮ್ಮೆ ಕೊಟ್ರೆ ಮತ್ತೆ ವಾಪಸ್ ಕೇಳ್ಲಿಕ್ಕೆ ಆಗುದಿಲ್ಲ."

ತವರಿನ ಬನಕ್ಕೆ ಹೋಗಿಬರುವುದು ಅಷ್ಟು ದೊಡ್ಡ ವಿಷಯವೇ ಎಂದು ಕೇಳುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅವರ ಮನೆತನಗಳಲ್ಲಿ ಬಳಿ, ಅಂದರೆ ವಂಶ, ನಡೆಯುವುದು ತಾಯಿಯ ಕಡೆಯಿಂದ. ಹೆಣ್ಣು ಮದುವೆಯಾಗಿ ಎಲ್ಲಿಗೇ ಹೋಗಲಿ, ಅವಳ ನಾಗ ಇರುವುದು ತವರಿನ ಮೂಲದ ಬನದಲ್ಲಿಯೇ. ಅವಳ ಮಕ್ಕಳ ನಾಗನೂ ಅಲ್ಲಿಯೇ. ಆ ಪ್ರಕಾರ ಸಿದ್ಧಕಟ್ಟೆಯ ಬನ ಮಾಸ್ಟ್ರದ್ದು, ಅವರ ಅಣ್ಣಂದಿರದ್ದು, ಗುಲಾಬಿಯಕ್ಕನದ್ದು. ಪ್ರೇಮಾವತಿಯದ್ದಲ್ಲ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಮದುವೆಯಾದ ವರ್ಷದಿಂದ ಪ್ರತಿ ಪಂಚಮಿಗೆ ಅವಳು ಸಿದ್ಧಕಟ್ಟೆಯ ಅಡುಗೆಮನೆಯಲ್ಲಿಯೇ ಇದ್ದಳು. ಅರಸಿನ ಎಲೆಯ ಗಟ್ಟಿ ಮಾಡುವುದರಲ್ಲಿ ಅವಳ ಕೈ ಪ್ರಸಿದ್ಧ. ರಾಶಿ ಎಲೆಗಳನ್ನು ಒಂದೊಂದಾಗಿ ಒರೆಸಬೇಕು, ಅಕ್ಕಿ ಕಡೆಯಬೇಕು, ತೆಂಗಿನಕಾಯಿ ಹೆರೆಯಬೇಕು, ಬೆಲ್ಲ ಸೇರಿಸಬೇಕು. ಎಲೆಯ ಮೇಲೆ ಹಿಟ್ಟು ಸವರಿ, ಕಾಯಿಬೆಲ್ಲ ಹರಡಿ, ಮಡಚಿ ಹಬೆಯಲ್ಲಿ ಬೇಯಿಸಬೇಕು. ಅಷ್ಟು ಹೊತ್ತೂ ಹೊರಗೆ ಬನದ ಬಳಿ ಮನೆಮಗಳಾದ ಗುಲಾಬಿಯಕ್ಕ ಕುರ್ಚಿಯಲ್ಲಿ ಕೂತು, ಬಂದವರ ಹತ್ತಿರ ಕಷ್ಟಸುಖ ಮಾತಾಡುತ್ತಿದ್ದರು. ನಾಗನ ಎದುರು ಪ್ರೇಮಾವತಿ ಹೊರಗಿನವಳು, ಒಲೆಯ ಎದುರು ಮಾತ್ರ ಮನೆಯವಳು. ಇದರಲ್ಲಿ ಏನೋ ಹೆಚ್ಚುಕಮ್ಮಿ ಉಂಟು ಎಂದು ಯಾರಿಗೂ ತೋಚಿರಲಿಲ್ಲ. ಅಮ್ಮ ಇರುವವರೆಗೆ, ಈ ಸಲವಾದರೂ ಬರ್ತೀಯಾ ಎಂದು ಕೇಳುತ್ತಿದ್ದಳು. ಕೊನೆಕೊನೆಗೆ ಅವಳೂ ಕೇಳುವುದನ್ನು ಬಿಟ್ಟಿದ್ದಳು.

ಬರ್ತೇನೆ ಎಂದು ಪ್ರೇಮಾವತಿ ತಮ್ಮನಿಗೆ ಹೇಳಿ ಫೋನಿಟ್ಟಳು. ಮತ್ತೆ ತನಗೆ ಗೊತ್ತಿದ್ದ ದಾರಿಯಲ್ಲಿಯೇ ಕೆಲಸ ಶುರು ಮಾಡಿದಳು.

ಮೊದಲು ಗುಲಾಬಿಯಕ್ಕನಿಗೆ ಫೋನು ಮಾಡಿ, ಮೂಡುಬಿದಿರೆಯ ಹೆಂಗಸರ ಗುಂಪೊಂದು ಹೇಳಿಟ್ಟರೆ ಎಷ್ಟು ಚಂದದ ಗಟ್ಟಿ ಮಾಡಿಕೊಡುತ್ತದೆ, ತನ್ನ ಗಟ್ಟಿ ಅದರ ಮುಂದೆ ಏನೂ ಅಲ್ಲ ಎಂದು ಬಹಳ ವಿನಯದಿಂದ ವರ್ಣಿಸಿದಳು.

"ಪ್ರೇಮ, ಗುಂಪಿಗೆ ತಮ್ಮ ಹಾಕಿದ ಪದ ನಾನೂ ಓದಿದ್ದೇನೆ ಮಾರಾಯ್ತಿ," ಎಂದರು ಗುಲಾಬಿಯಕ್ಕ.

ಮರುದಿನ ಅವಳು ಮಾಸ್ಟ್ರ ಹತ್ತಿರ, ಲೋಕನಾಥ ಮಾಸ್ಟ್ರು ಹೆಂಡತಿಯನ್ನು ಪಂಚಮಿಗೆ ತವರಿಗೆ ಕಳಿಸಿ ತಾವೇ ಗಟ್ಟಿ ಬೇಯಿಸುತ್ತಾರಂತೆ, ಹಾಗೆ ಮಾಡಲು ಎಲ್ಲರಿಂದ ಆಗುವುದಿಲ್ಲ ಎಂದು ಊರಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಹಿಂದಾದರೆ ಈ ಮಾತು ಸಂಜೆಯ ಒಳಗೆ ಫಲ ಕೊಡುತ್ತಿತ್ತು. ಮಾಸ್ಟ್ರು ಪೇಪರಿನ ಹಿಂದಿನಿಂದ ಒಂದು ಬೆರಳು ಮೇಲೆತ್ತಿದರು.

"ಲೋಕನಾಥನ ಹೆಸರು ಬಂತು," ಎಂದರು. "ಇನ್ನು ಸ್ವಲ್ಪ ಹೊತ್ತಿನಲ್ಲಿ ನನಗೆ ಒಂದು ಒಳ್ಳೆಯ ಆಲೋಚನೆ ಬರ್ತದೆ, ಅಲ್ವಾ?"

ಪ್ರೇಮಾವತಿ ಕೈನೋವು ಎಂದು ಮುಂಗೈಗೆ ಎಣ್ಣೆ ಹಚ್ಚಿಕೊಂಡು ಕೂತರೆ ಮಾಸ್ಟ್ರು ಅರ್ಥಗರ್ಭಿತವಾಗಿ ಕೆಮ್ಮಿದರು. ಅವಳು ನಿಟ್ಟುಸಿರು ಬಿಟ್ಟರೆ, ಟ್ರಿಂಕೆಟಿಂಗ್ ಎಂದು ಗಾಳಿಗೆ ಹೇಳಿದರು. ನಾಮಪದದಿಂದ ಕ್ರಿಯಾಪದಕ್ಕೆ ಹೋಗಲು ಅವರಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಜೀವಮಾನವಿಡೀ ಉಪಯೋಗಿಸಿದ ಹತ್ಯಾರುಗಳೆಲ್ಲ ಒಂದೇ ಪದದಿಂದ ಮೊಂಡಾಗಿ ಹೋದದ್ದನ್ನು ಕಂಡು ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ಪಂಚಮಿ ಹತ್ತಿರ ಬರುತ್ತಿತ್ತು.

ಸುರಕ್ಷಾಳಿಗೆ ಫೋನು ಮಾಡಿ, ಎಲ್ಲ ನಿನ್ನಿಂದಲೇ ಆದದ್ದು ಎಂದು ಬೈದಳು. ಮಗಳು ನಕ್ಕಳು. ಹಾಗಾದರೆ ನೇರವಾಗಿ ಹೇಳಿ ನೋಡು ಎಂದಳು.

"ನೇರ ಅಂದ್ರೆ ಹೇಗೆ ಹೇಳುದು?"

"'ನಾನು ಹೋಗ್ತೇನೆ' ಅಂತ. ಅಷ್ಟೇ ಅಮ್ಮ."

ಪ್ರೇಮಾವತಿ ಆ ವಾಕ್ಯವನ್ನು ತೆಂಗಿನಕಾಯಿ ಹೆರೆಯುವಾಗ, ಪಾತ್ರೆ ಉಜ್ಜುವಾಗ ಮನಸ್ಸಿನಲ್ಲಿಯೇ ಹೇಳಿ ನೋಡಿದಳು. ಬಹಳ ಚಿಕ್ಕದಾಯಿತು ಅನ್ನಿಸಿತು. ಅದರಲ್ಲಿ ನಿಲ್ಲಲು ಒಂದು ಮರೆಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮಾಸ್ಟ್ರು ಇನ್ನೊಂದು ದೋಸೆಗಾಗಿ ತಟ್ಟೆ ಮುಂದೆ ಸರಿಸಿದಾಗ ಅವಳು ಗ್ಯಾಸ್ ಆರಿಸಿದಳು. ಕೈ ಒರೆಸಿಕೊಂಡು ಬಂದು ಅವರ ಎದುರಿನ ಕುರ್ಚಿಯಲ್ಲಿ ಕೂತಳು. ದೋಸೆಯ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಅವಳು ಕೂತದ್ದನ್ನು ಮಾಸ್ಟ್ರು ನೋಡಿದ್ದೇ ಇಲ್ಲ. ಅವರು ಕಾಫಿಯ ಲೋಟ ಕೆಳಗಿಟ್ಟರು.

"ಪಂಚಮಿಗೆ ನಾನು ಕಕ್ಕಿಂಜೆಗೆ ಹೋಗ್ತೇನೆ. ಸಿದ್ಧಕಟ್ಟೆಗೆ ಬರುದಿಲ್ಲ."

ಮಾಸ್ಟ್ರು ಮುಂದಿನ ಮಾತಿಗಾಗಿ ಕಾದರು. "ಮತ್ತೆ?"

"ಮತ್ತೆ ಏನಿಲ್ಲ. ನನ್ನ ನಾಗ ಇರುದು ಅಲ್ಲಿ. ಅಮ್ಮನ ತಂಬಿಗೆ ಈಗ ನಾನು ಕೊಡ್ಬೇಕು."

ಮಾಸ್ಟ್ರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ನಿಧಾನವಾಗಿ ಅವರ ಮುಖದಲ್ಲಿ ಮೆಚ್ಚುಗೆ ಮೂಡಿತು.

"ಇದು ಹೊಸ ನಮೂನೆ," ಎಂದರು. "ಇದರ ಹಿಂದೆ ಇರುದನ್ನು ನಾನು ಕಂಡುಹಿಡೀತೇನೆ, ನೋಡ್ತಾ ಇರು."

ಅಲ್ಲಿಂದ ಅವರ ಶೋಧ ಶುರುವಾಯಿತು. ಪ್ರೇಮಾವತಿಗೆ ನಿಜವಾಗಿ ಏನು ಬೇಕಾಗಿದೆ ಎಂದು ತಿಳಿಯಲು ಅವರು ಅಡುಗೆಮನೆಗೆ ಬಂದು ನಿಂತರು. ಆ ಮನೆಗೆ ಒಕ್ಕಲಾದ ಮೇಲೆ ಅವರು ಅಡುಗೆಮನೆಯನ್ನು ಗೋಡೆಯಿಂದ ಗೋಡೆಗೆ ನೋಡಿದ್ದು ಅದೇ ಮೊದಲು. ಪಾತ್ರೆ ತೊಳೆಯುವ ಕಲ್ಲು ತೀರಾ ತಗ್ಗಿನಲ್ಲಿರುವುದು ಕಂಡಿತು. ಹೆರೆಮಣೆಯ ಒಂದು ಕಾಲಿಗೆ ಬಟ್ಟೆ ಸುತ್ತಿದ್ದು ಕಂಡಿತು. ಮೇಲಿನ ಹಲಗೆಯ ಮೇಲೆ ಗಟ್ಟಿ ಬೇಯಿಸುವ ದೊಡ್ಡ ಹಬೆಪಾತ್ರೆ ಕಂಡಿತು. ಅದಕ್ಕೆ ಒಂದೇ ಕಿವಿ.

"ಇದರ ಇನ್ನೊಂದು ಹಿಡಿ ಎಲ್ಲಿ?"

"ಸುರಕ್ಷಾ ಕಾಲೇಜಿಗೆ ಹೋಗುವಾಗ ಹೋದದ್ದು."

"ಬಿಸಿ ಇರುವಾಗ ಹೇಗೆ ಇಳಿಸ್ತೀ?"

"ಬಟ್ಟೆ ಹಿಡಿದು. ಕೈ ಸುಡ್ತದೆ."

ಮಾಸ್ಟ್ರು ತಲೆಯಾಡಿಸಿದರು. ಗುಟ್ಟು ಸಿಕ್ಕಿಬಿಟ್ಟಿತ್ತು. ಅವರು ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿ ತಗ್ಗಿದ ದನಿಯಲ್ಲಿ, ಹಬೆಪಾತ್ರೆಯೇ ವಿಷಯ, ಬೇರೇನಲ್ಲ ಎಂದರು. ಗುಲಾಬಿಯಕ್ಕ ಆ ವಾರವೇ ಬಂಟ್ವಾಳ ಪೇಟೆಗೆ ಹೋಗಿ ಮೂರು ತಟ್ಟೆಯ ಹೊಸ ಹಬೆಪಾತ್ರೆ ತಂದರು. ಅದರ ಫೋಟೋ ಗುಂಪಿಗೆ ಬಂತು. ಪ್ರೇಮಾವತಿ ಫೋಟೋ ನೋಡಿ, ಪಾತ್ರೆ ಚಂದ ಉಂಟು, ನಾನು ಕಕ್ಕಿಂಜೆಗೆ ಹೋಗ್ತೇನೆ ಎಂದು ಫೋನಿನಲ್ಲಿ ಹೇಳಿದಳು. ಆಯ್ತಾಯ್ತು, ಹಿಂದಿನ ದಿನ ಮಧ್ಯಾಹ್ನಕ್ಕೆ ಬಂದುಬಿಡು, ಅಕ್ಕಿ ನೆನೆಹಾಕಿ ಇಡ್ತೇನೆ ಎಂದರು ಗುಲಾಬಿಯಕ್ಕ.

ಅವಳು ದಿನಾ ಹೇಳಿದಳು. ತಿಂಡಿಯ ಹೊತ್ತಿಗೆ ಹೇಳಿದಳು, ಬಟ್ಟೆ ಒಣಗಲು ಹಾಕುವಾಗ ಹೇಳಿದಳು. ದುಬೈಯಿಂದ ಫೋನು ಮಾಡಿದ ಉಜ್ವಲನಿಗೂ ಹೇಳಿದಳು. ಅಪ್ಪನಿಂದ ಏನು ತೆಗೆಸಿಕೊಳ್ಳಲು ಈ ನಾಟಕ ಎಂದು ಅವನೂ ಕೇಳಿದ. ಹಿಂದೆ ಅವಳು ಸುತ್ತಿ ಬಳಸಿ ಹೇಳಿದ ಪ್ರತಿಯೊಂದು ಮಾತನ್ನೂ ಎಲ್ಲರೂ ನೇರ ಎಂದು ನಂಬಿದ್ದರು. ಈಗ ನೇರ ಹೇಳಿದ ಒಂದೇ ಒಂದು ಮಾತನ್ನು ಒಬ್ಬರೂ ನಂಬುತ್ತಿರಲಿಲ್ಲ.

ಪಂಚಮಿಯ ಹಿಂದಿನ ದಿನ ಅವಳು ಒಂದು ಚೀಲದಲ್ಲಿ ಸೀರೆ ಮಡಚಿಟ್ಟುಕೊಂಡಳು. ಮಾಸ್ಟ್ರು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟರು. ತಾವು ಸಂಜೆ ಬರುವುದಾಗಿಯೂ, ಅಷ್ಟರಲ್ಲಿ ಅವಳು ಸಿದ್ಧಕಟ್ಟೆಯಲ್ಲಿ ಎಲೆ ಒರೆಸುವ ಕೆಲಸ ಮುಗಿಸಿರಬಹುದೆಂದೂ ಹೇಳಿದರು. ಅವರ ಮುಖದಲ್ಲಿ ಗೆದ್ದವರ ನಗು. ಪ್ರೇಮಾವತಿ ಸಿದ್ಧಕಟ್ಟೆಯ ಬಸ್ಸನ್ನು ದಾಟಿ ಹೋಗಿ ವೇಣೂರು ಮಾರ್ಗದ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು.

"ಪ್ರೇಮ, ಅದು ಬೆಳ್ತಂಗಡಿ ಬಸ್ಸು."

"ಹೌದು," ಎಂದಳು ಅವಳು. ಕಿಟಕಿಯ ಬದಿಯ ಸೀಟು ಸಿಕ್ಕಿತು. ಬಸ್ಸು ಹೊರಡುವಾಗ ಮಾಸ್ಟ್ರು ಸ್ಕೂಟರಿನ ಮೇಲೆ ಒಂದು ಕಾಲು ನೆಲಕ್ಕೆ ಕೊಟ್ಟು ನಿಂತಿದ್ದರು. ನಗು ಇನ್ನೂ ಅರ್ಧ ಮುಖದಲ್ಲಿತ್ತು.

ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಲಾಯಿಲ ದಾಟುವಾಗ ಫೋನು ಬಂತು.

"ನೀನು ನಿಜವಾಗಿ ಹೋಗ್ತಾ ಇದ್ದೀಯಾ?"

"ಹೋಗ್ತೇನೆ ಅಂತ ದಿನಾ ಹೇಳಿದ್ದೆ ಅಲ್ವಾ ನಿಮಗೆ?"

"ಹೇಳಿದ್ದಿ. ಹೇಳಿದ್ದನ್ನೇ ಮಾಡ್ತೀ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಸ್ವಲ್ಪ ತಡೆದು, "ಅಕ್ಕಿ ನೆನೆಹಾಕಿ ಆಗಿದೆಯಂತೆ. ಹಿಟ್ಟು ಎಷ್ಟು ನೀರು ಮಾಡ್ಬೇಕು?" ಎಂದು ಕೇಳಿದರು.

ಉತ್ತರ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂ​ಗಿಕೊಂಡಳು. "ಗುಲಾಬಿಯಕ್ಕನಿಗೆ ಗೊತ್ತಿರ್ತದೆ. ಅವರು ಹುಟ್ಟಿದ ಮನೆ ಅಲ್ವಾ ಅದು," ಎಂದು ಫೋನಿಟ್ಟಳು.

ಕಕ್ಕಿಂಜೆಯಲ್ಲಿ ಇಳಿದು ತವರಿನ ಅಂಗಳಕ್ಕೆ ಬಂದಾಗ ಅವಳ ಎದೆ ಹಗುರವಾಗಿತ್ತು. ನೋಣಯ್ಯ ಬಂದು ಚೀಲ ತೆಗೆದುಕೊಂಡ, ಜಗಲಿಯಲ್ಲಿ ಕುರ್ಚಿ ಹಾಕಿದ, ಕೂರು ಅಕ್ಕ ಎಂದ. ಅವನ ಹೆಂಡತಿ ಜಲಜಾಕ್ಷಿ ಬೆಲ್ಲ, ನೀರು, ಮತ್ತೆ ಚಹಾ ತಂದುಕೊಟ್ಟು ಒಳಗೆ ಹೋದಳು. ಪ್ರೇಮಾವತಿ ಕುರ್ಚಿಯಲ್ಲಿ ಬೆನ್ನು ಚಾಚಿ ಕೂತು ಚಹಾ ಕುಡಿದಳು. ಗುಲಾಬಿಯಕ್ಕನಿಗೆ ಕುರ್ಚಿಯಿಂದ ಏಳಲು ಯಾಕೆ ಮನಸ್ಸಾಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಲೋಟ ಇಡಲು ಒಳಗೆ ಹೋದಾಗ ಜಲಜಾಕ್ಷಿ ನೆಲದಲ್ಲಿ ಕೂತು ಅರಸಿನ ಎಲೆ ಒರೆಸುತ್ತಿದ್ದಳು. ಮಗ್ಗುಲಲ್ಲಿ ಎಲೆಯ ರಾಶಿ. ಈ ಸಲ ಜನ ಜಾಸ್ತಿ ಎಂದಳು ಜಲಜಾಕ್ಷಿ. ಸ್ವಲ್ಪ ಹೊತ್ತು ಬಿಟ್ಟು, ತನ್ನ ಮೊಣಕಾಲು ಮೊದಲಿನ ಹಾಗಿಲ್ಲ ಎಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಅಕ್ಕನ ಕೈಯ ಗಟ್ಟಿ ತಿನ್ನಬೇಕೆಂದು ಇವರು ಯಾವಾಗಲೂ ಹೇಳ್ತಾರೆ, ನನ್ನ ಗಟ್ಟಿ ಅದರ ಮುಂದೆ ಏನೂ ಅಲ್ಲ ಎಂದಳು.

ಪ್ರೇಮಾವತಿ ಲೋಟ ಹಿಡಿದು ನಿಂತಲ್ಲೇ ನಿಂತಳು. ಆ ವಿನಯ ಅವಳಿಗೆ ಚೆನ್ನಾಗಿ ಗೊತ್ತು. ಅದು ಅವಳ ಸ್ವಂತ ಅಂಗಡಿಯ ಮಾಲು.

ಅವಳು ಜಲಜಾಕ್ಷಿಯ ಎದುರು ನೆಲದಲ್ಲಿ ಕೂತಳು. "ಜಲಜ, ನಿನ್ನ ಮೂಲ ಎಲ್ಲಿ?"

"ಫರಂಗಿಪೇಟೆ ಹತ್ತಿರ," ಎಂದಳು ಜಲಜಾಕ್ಷಿ ಎಲೆಯಿಂದ ಕಣ್ಣೆತ್ತದೆ.

"ಪಂಚಮಿಗೆ ಹೋಗಿದ್ದೀಯಾ?"

"ಮದುವೆಗೆ ಮೊದಲು."

"ನಿನಗೆ ಎಂತ ಬೇಕು ಅಂತ ನೇರ ಹೇಳು. ಮೊಣಕಾಲು ಬೇಡ."

ಜಲಜಾಕ್ಷಿ ಒರೆಸಿದ ಎಲೆಯನ್ನೇ ಮತ್ತೊಮ್ಮೆ ಒರೆಸಿದಳು. "ನನಗೂ ಒಮ್ಮೆ ಹೋಗ್ಬೇಕು ಅಕ್ಕ," ಎಂದಳು.

ಪ್ರೇಮಾವತಿ ಎದ್ದು ಜಗಲಿಗೆ ಬಂದಳು. ನೋಣಯ್ಯ ಬನಕ್ಕೆ ಬೇಕಾದ ಸೀಯಾಳ, ಕೇದಗೆ, ಅಡಿಕೆ ಹೂವಿನ ಸಿಂಗಾರ ಎಲ್ಲ ಜೋಡಿಸುತ್ತಿದ್ದ. ಪಕ್ಕದಲ್ಲಿ ಅಮ್ಮನ ಹಿತ್ತಾಳೆಯ ತಂಬಿಗೆ ಹುಣಸೆಹುಳಿ ಹಾಕಿ ತಿಕ್ಕಿ ತೊಳೆದು ಕವುಚಿ ಇಡಲಾಗಿತ್ತು. ಅವಳು ಒಂದು ಕ್ಷಣ ಅದನ್ನು ನೋಡಿದಳು.

"ನೋಣಯ್ಯ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಜಲಜ ಅವಳ ಬನಕ್ಕೆ ಹೋಗ್ತಾಳೆ. ಗಟ್ಟಿ ನೀನು ಮಾಡು."

ನೋಣಯ್ಯ ಅಕ್ಕನನ್ನು ಸಂಶಯದಿಂದ ನೋಡಿದ. ಮಾಸ್ಟ್ರ ಇಂಗ್ಲಿಷ್ ಕಕ್ಕಿಂಜೆಯವರೆಗೆ ಬಂದಿರಲಿಲ್ಲ, ಆದರೆ ಅಕ್ಕನ ಕೀರ್ತಿ ಬಂದಿತ್ತು. "ನಿನ್ನ ಮನಸ್ಸಿನಲ್ಲಿ ಬೇರೆ ಎಂತದೋ ಉಂಟು," ಎಂದ.

"ಬೇರೆ ಎಂತದೂ ಇಲ್ಲ."

ಬಂದವರಿಗೆ ಹೇಗೆ ಬಡಿಸುವುದು, ಕುಟುಂಬದ ಯಜಮಾನ ಗಟ್ಟಿ ಬೇಯಿಸಿದ ಎಂದರೆ ನೆಂಟರು ಏನೆನ್ನುತ್ತಾರೆ, ಬರುವ ವರ್ಷ ನೋಡುವ ಎಂದು ನೋಣಯ್ಯ ಒಂದರ ಹಿಂದೆ ಒಂದು ಹೇಳಿದ. ಅವಳು ಎಲ್ಲವನ್ನೂ ಕೇಳಿದಳು. ಆಮೇಲೆ ತಂಬಿಗೆಯನ್ನು ಎತ್ತಿ ಅವನ ಮುಂದೆ ಇಟ್ಟಳು.

"ಹಾಗಾದ್ರೆ ಇದನ್ನು ಚಿಕ್ಕಮ್ಮನ ಮಗಳಿಗೆ ಕೊಡು. ಜಲಜ ಹೋಗ್ಲಿ, ನಾನು ಒಲೆಯ ಹತ್ತಿರ ಇರ್ತೇನೆ. ನನಗೆ ಅಭ್ಯಾಸ ಉಂಟು."

ಆ ಒಂದು ತಂಬಿಗೆಗಾಗಿ ಅವಳು ಇಲ್ಲಿಯವರೆಗೆ ಬಂದದ್ದು. ಈ ಮಾತು ನೇರವೋ, ಹೂಟವೋ ಎಂದು ಮಾಸ್ಟ್ರಾಗಿದ್ದರೆ ನಿಘಂಟು ನೋಡುತ್ತಿದ್ದರು. ಅವಳಿಗೆ ಇಷ್ಟು ಮಾತ್ರ ಗೊತ್ತಿತ್ತು: ನೋಣಯ್ಯ ಹಾಗೇ ಆಗಲಿ ಎಂದುಬಿಟ್ಟರೆ ನಾಳೆ ಅವಳು ಒಲೆಯ ಎದುರೇ ಇರುತ್ತಾಳೆ.

ನೋಣಯ್ಯ ತಂಬಿಗೆಯನ್ನು ನೋಡಿದ. ಒಳಗೆ ಎಲೆ ಒರೆಸುವ ಸದ್ದು ನಿಂತುಹೋಗಿತ್ತು. ಅಂಗಳದಲ್ಲಿ ಕೋಳಿಯೊಂದು ಸೀಯಾಳದ ಗೊನೆಯ ಮೇಲೆ ಹತ್ತಿ ಇಳಿಯಿತು. ಅವನು ಅದನ್ನು ಓಡಿಸಿದ, ಹೆಗಲ ಬೈರಾಸು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ.

"ಕಾಯಿ ಹೆರೆಯುದು ನನಗೆ ಬರುದಿಲ್ಲ," ಎಂದ ಕೊನೆಗೆ.

"ನಾನು ಕುರ್ಚಿಯಲ್ಲಿ ಕೂತು ಹೇಳಿಕೊಡ್ತೇನೆ," ಎಂದಳು ಪ್ರೇಮಾವತಿ.

ಬೆಳಿಗ್ಗೆ ಜಲಜಾಕ್ಷಿ ಮದುವೆ ಮನೆಗೆ ಹೊರಟವಳಂತೆ ತಲೆತುಂಬ ಮಲ್ಲಿಗೆ ಮುಡಿದು, ಒಂದು ಬಾಟಲಿ ಹಾಲು ಹಿಡಿದು ಬಸ್ಸು ಹತ್ತಿದಳು. ಅಂಗಳ ದಾಟುವಾಗ ಅವಳು ಒಲೆಯ ಕಡೆಗೆ ತಿರುಗಿ ಏನೋ ಹೇಳಲು ಹೋದದ್ದನ್ನು ಪ್ರೇಮಾವತಿ ಕಣ್ಣಿನಲ್ಲಿಯೇ ತಡೆದಳು. ಬಿ.ಸಿ. ರೋಡಿನಿಂದ ಕಾರಿನಲ್ಲಿ ಬಂದ ಸುರಕ್ಷಾ ಸೆರಗು ಸಿಕ್ಕಿಸಿಕೊಂಡು ಹೆರೆಮಣೆಯ ಕಡೆ ಹೊರಟಾಗ, ಅದು ಮಾವನ ಜಾಗ ಎಂದು ಅವಳನ್ನೂ ಕೂರಿಸಿದಳು. ನೋಣಯ್ಯ ಬೈರಾಸು ತಲೆಗೆ ಕಟ್ಟಿ, ದೈವದ ಕೆಲಸ ಮಾಡುವಷ್ಟು ಗಂಭೀರವಾಗಿ ಒಂದೊಂದು ಎಲೆಗೂ ಹಿಟ್ಟು ಸವರುತ್ತಿದ್ದ. ನೆಂಟರು ಬಂದರು, ನೋಡಿದರು, ಏನೋ ಅಂದರು. ಗಂಡಸರಲ್ಲಿ ಇಬ್ಬರು ಸ್ವಲ್ಪ ಹೊತ್ತು ನಕ್ಕು ಆಮೇಲೆ ಎಲೆ ಒರೆಸಲು ಕೂತರು.

ಬನದಲ್ಲಿ ಭಟ್ಟರು ಕೈ ಚಾಚಿದಾಗ ಪ್ರೇಮಾವತಿ ತಂಬಿಗೆ ಕೊಟ್ಟಳು. ಹಾಲು ಕಲ್ಲಿನ ಹೆಡೆಯ ಮೇಲಿಂದ ಇಳಿದು ಅರಸಿನದ ಜೊತೆ ಸೇರಿತು. ಖಾಲಿ ತಂಬಿಗೆ ಅವಳ ಕೈಗೆ ಮರಳಿ ಬಂತು. ಅಮ್ಮನ ಬೆರಳು ಸವೆಸಿದ ಜಾಗದಲ್ಲಿ ಅವಳ ಬೆರಳೂ ಸರಿಯಾಗಿ ಕೂತಿತು. ಅಷ್ಟೇ ಆದದ್ದು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಸುರಕ್ಷಾ ಕಂಡೂ ಕಾಣದವಳ ಹಾಗೆ ನಿಂತಳು.

ಜಗಲಿಗೆ ಬಂದು ಕೂತಾಗ ನೋಣಯ್ಯ ತಟ್ಟೆ ತಂದುಕೊಟ್ಟ. ಗಟ್ಟಿ ಸೊಟ್ಟಗಾಗಿತ್ತು, ಒಂದು ಕಡೆ ಬೆಲ್ಲ ಹೊರಗೆ ಬಂದಿತ್ತು. ಆದರೆ ಹೊಗೆಯಾಡುತ್ತಿತ್ತು. ಪಂಚಮಿಯ ಗಟ್ಟಿಯನ್ನು ಬಿಸಿಯಿರುವಾಗ ತಿಂದದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ. ಒಂದನ್ನು ಬಿಡಿಸುತ್ತಾ ಇನ್ನೊಂದು ಕೈಯಲ್ಲಿ ಫೋನು ತೆಗೆದು ನೋಡಿದಳು.

ಸಿದ್ಧಕಟ್ಟೆಯಿಂದ ಯಾರೋ ಫೋಟೋ ಹಾಕಿದ್ದರು. ಗುಲಾಬಿಯಕ್ಕನ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಬಂದಿತ್ತು, ಗುಲಾಬಿಯಕ್ಕ ಅದರ ತುದಿಯಲ್ಲಿ ಕೂತು ಯಾರಿಗೋ ಬೆರಳು ತೋರಿಸುತ್ತಿದ್ದರು. ಹೊಸ ಹಬೆಪಾತ್ರೆಯ ಪಕ್ಕದಲ್ಲಿ ಶೇಖರ ಮಾಸ್ಟ್ರು. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು. ಹಿಟ್ಟು ತೀರಾ ನೀರಾಗಿ ಎಲೆಯಿಂದ ಅವರ ಮೊಣಕೈಯವರೆಗೆ ಹರಿದಿತ್ತು.

ಪ್ರೇಮಾವತಿ ಬೆರಳಿನಿಂದ ಮೇಲೆ ಮೇಲೆ ಸರಿಸಿ ನೋಡಿದಳು. ಆ ಬೆಳಿಗ್ಗೆ ಗುಂಪಿಗೆ ಇಂಗ್ಲಿಷ್ ಪದ ಬಂದಿರಲಿಲ್ಲ. ನಿವೃತ್ತಿಯಾದ ಮೇಲೆ ಹಾಗಾದದ್ದು ಅದೇ ಮೊದಲು. ಅವಳು ಗಟ್ಟಿಯ ಕೈಯನ್ನು ಎಲೆಗೆ ಒರೆಸಿ, 'ಇವತ್ತಿನ ಪದ ಎಲ್ಲಿ?' ಎಂದು ಬರೆದಳು.

ಎರಡನೆಯ ಗಟ್ಟಿ ತಿಂದು ಮುಗಿಯುವಾಗ ಮಾಸ್ಟ್ರ ಉತ್ತರ ಬಂತು.

'ಕೈ ಖಾಲಿ ಇಲ್ಲ.'